ಕಿಮ್ ಪಾಸಿಬಲ್: ಒಂದು ಸಾಹಸ ಕಾರ್ಟೂನಿನ ಶೈಲಿ ಮತ್ತು ಅದರ ಮಾಸದ ಆಕರ್ಷಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

‘ಕಿಮ್ ಪಾಸಿಬಲ್’ ಯಾವ ಕಾಲದ, ಯಾರು ಮಾಡಿದ ಸರಣಿ?

ಅಮೆರಿಕದ ಡಿಸ್ನಿ ಚಾನೆಲ್‌ನಲ್ಲಿ 2002ರ ಜೂನ್ 7ರಂದು ಆರಂಭವಾಗಿ 2007ರ ಸೆಪ್ಟೆಂಬರ್ 7ರಂದು ಮುಕ್ತಾಯಗೊಂಡ ಅನಿಮೇಷನ್ ಸರಣಿಯಿದು. ನಾಲ್ಕು ಸೀಸನ್‌ಗಳಲ್ಲಿ ಒಟ್ಟು 87 ಕಂತುಗಳು ಪ್ರಸಾರವಾದವು. ಇದರ ಕರ್ತೃಗಳಾದ ಬಾಬ್ ಸ್ಕೂಲಿ ಮತ್ತು ಮಾರ್ಕ್ ಮೆಕಾರ್ಕಲ್ ಬಹುಕಾಲದಿಂದ ಜೋಡಿಯಾಗಿ ಬರೆಯುತ್ತ ಬಂದವರು. ಇದಕ್ಕೂ ಮೊದಲು ‘ಟಾಯ್ ಸ್ಟೋರಿ’ ಚಿತ್ರದ ಬಜ್ ಲೈಟ್‌ಇಯರ್ ಪಾತ್ರವನ್ನು ಇಟ್ಟುಕೊಂಡು ಡಿಸ್ನಿಗಾಗಿಯೇ ಒಂದು ಟೀವಿ ಸರಣಿಯನ್ನು ರೂಪಿಸಿದ್ದರು. ಮಿಡ್ಲ್‌ಟನ್ ಎಂಬ ಕಲ್ಪಿತ ಊರಿನಲ್ಲಿ ಹೈಸ್ಕೂಲ್ ಓದುವ ಕಿಮ್, ತರಗತಿ ಮುಗಿಸಿ ಚಿಯರ್‌ಲೀಡಿಂಗ್ ಅಭ್ಯಾಸಕ್ಕೆ ಹೋಗುವಷ್ಟೇ ಸಹಜವಾಗಿ ಜಗತ್ತನ್ನು ಕಾಪಾಡಲೂ ಹೋಗುತ್ತಾಳೆ. ಅವಳ ತಾಯಿ ಮೆದುಳಿನ ಶಸ್ತ್ರವೈದ್ಯೆ, ತಂದೆ ರಾಕೆಟ್ ವಿಜ್ಞಾನಿ. ಜಿಮ್ ಮತ್ತು ಟಿಮ್ ಎಂಬ ಅವಳಿ ತಮ್ಮಂದಿರು ಮನೆಯಲ್ಲಿ ಏನಾದರೊಂದನ್ನು ಸಿಡಿಸುತ್ತಲೇ ಇರುತ್ತಾರೆ.

ಕಿಮ್ ನಿಜವಾಗಿಯೂ ಬೇಹುಗಾರ್ತಿಯೇ?

ಕಟ್ಟುನಿಟ್ಟಾಗಿ ಹೇಳಬೇಕೆಂದರೆ ಅಲ್ಲ. ಅವಳು ಯಾವ ಸರ್ಕಾರದ ಸಂಬಳದಲ್ಲೂ ಇಲ್ಲ, ಅವಳಿಗೆ ಗುಪ್ತನಾಮವಿಲ್ಲ, ಮುಖವಾಡವೂ ಇಲ್ಲ. ಅವಳು ಮಾಡುವ ಕೆಲಸ ಊರಿಗೇ ಗೊತ್ತು. ಶಾಲೆಯ ಶಿಸ್ತಿನ ಮೇಷ್ಟ್ರು ಬಾರ್ಕಿನ್ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಆದರೂ ತರಗತಿಗೆ ತಡವಾಗಿ ಬಂದರೆ ಶಿಕ್ಷೆಯಲ್ಲಿ ರಿಯಾಯಿತಿ ಸಿಗುವುದಿಲ್ಲ. ಸಣ್ಣಪುಟ್ಟ ಕೆಲಸ ಮಾಡಿ ಕೈಖರ್ಚಿಗೆ ಸಂಪಾದಿಸಿಕೊಳ್ಳಲೆಂದು ಅವಳು ತನ್ನದೊಂದು ವೆಬ್‌ಸೈಟ್ ತೆರೆದಿರುತ್ತಾಳೆ. ಲೇಸರ್ ಕಿರಣಗಳ ಬಲೆಯಲ್ಲಿ ಸಿಕ್ಕಿಕೊಂಡ ಒಬ್ಬ ಸಿರಿವಂತ, ವೃತ್ತಿಪರ ರಕ್ಷಣಾ ತಂಡಕ್ಕೆ ಕರೆ ಕಳುಹಿಸಲು ಹೋಗಿ ವಿಳಾಸ ತಪ್ಪಾಗಿ ಟೈಪ್ ಮಾಡಿ ಇವಳನ್ನು ಕರೆಯುತ್ತಾನೆ. ಚಿಯರ್‌ಲೀಡಿಂಗ್‌ನಲ್ಲಿ ಕಲಿತ ಪಲ್ಟಿಗಳಿಂದಲೇ ಅವಳು ಆ ಕಿರಣಗಳ ನಡುವೆ ನುಸುಳುತ್ತಾಳೆ. ಹೀಗೆ ಟೈಪಿಂಗ್ ದೋಷವೊಂದರಿಂದ ಅವಳ ವೃತ್ತಿ ಶುರುವಾಯಿತು.

ಆದರೂ ಗೂಢಚಾರಿ ಸಿನಿಮಾಗಳ ಸಮಸ್ತ ಸಾಮಗ್ರಿಯೂ ಇಲ್ಲಿದೆ. ಜ್ವಾಲಾಮುಖಿಯೊಳಗೆ ಅಡಗುತಾಣ, ಲಿಪ್‌ಸ್ಟಿಕ್‌ನಂತೆ ಕಾಣುವ ಉಪಕರಣ, ಕೊಕ್ಕೆ ಚಿಮ್ಮಿಸುವ ಹೇರ್ ಡ್ರೈಯರ್, ‘ಗ್ಲೋಬಲ್ ಜಸ್ಟಿಸ್’ ಎಂಬ ರಹಸ್ಯ ಸಂಸ್ಥೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅದರ ಮುಖ್ಯಸ್ಥೆ, ಎಲ್ಲವೂ ಇವೆ. ಹಾಗಾಗಿ ವೀಕ್ಷಕರು ಇದನ್ನು ಬೇಹುಗಾರಿಕೆಯ ಸರಣಿಯೆಂದೇ ನೆನಪಿಟ್ಟುಕೊಂಡಿರುವುದರಲ್ಲಿ ತಪ್ಪಿಲ್ಲ.

ಹೆಸರಿನಲ್ಲಿರುವ ಶ್ಲೇಷೆ ಏನು?

ಇಂಗ್ಲಿಷಿನಲ್ಲಿ ‘ಅಸಾಧ್ಯ’ ಎಂಬರ್ಥದ ಇಂಪಾಸಿಬಲ್ ಪದದ ಮೊದಲಿಗೆ ಒಂದು ಕಕಾರ ಸೇರಿಸಿದರೆ ನಾಯಕಿಯ ಹೆಸರಾಗುತ್ತದೆ. ‘ತಡೆಯಲಾಗದವನು’ ಎಂಬರ್ಥದ ಅನ್‌ಸ್ಟಾಪಬಲ್ ಪದದ ಮೊದಲಿಗೆ ರಕಾರ ಸೇರಿಸಿದರೆ ಅವಳ ಗೆಳೆಯ ರಾನ್ ಸ್ಟಾಪಬಲ್ ಸಿಗುತ್ತಾನೆ. ಲಿಫ್ಟ್‌ನಲ್ಲಿ ನಿಂತಿದ್ದಾಗ ಮೆಕಾರ್ಕಲ್ ನಾಯಕಿಯ ಹೆಸರನ್ನೂ ಅವಳಿಗೆ ಎಲ್ಲವೂ ಸಾಧ್ಯವೆಂಬ ಮಾತನ್ನೂ ಹೇಳಿದರೆಂದೂ, ಸ್ಕೂಲಿ ಒಡನೆಯೇ ರಾನ್‌ನ ಹೆಸರು ಹೇಳಿ ಅವನಿಗೆ ಯಾವುದೂ ಸಾಧ್ಯವಿಲ್ಲವೆಂದು ಪೂರ್ತಿಗೊಳಿಸಿದರೆಂದೂ ಕರ್ತೃಗಳೇ ಹೇಳಿಕೊಂಡಿದ್ದಾರೆ. ಇಡೀ ಸರಣಿಯ ಬೀಜ ಆ ಎರಡು ವಾಕ್ಯಗಳಲ್ಲಿದೆ.

ಆಂಜನೇಯನ ಶ್ಲೋಕ ಹೇಳಿಕೊಂಡು ಬೆಳೆದ ನಮ್ಮ ಕಿವಿಗೆ ಈ ಹೆಸರು ಬೇರೆಯದೇ ರೀತಿಯಲ್ಲಿ ಕೇಳಿಸುವುದುಂಟು. ‘ನಿನಗೆ ಅಸಾಧ್ಯವಾದುದು ಯಾವುದು, ಹೇಳು’ ಎಂದು ಹನುಮಂತನನ್ನು ಕೇಳುವ ಆ ಸಾಲಿನಲ್ಲಿ ‘ಅಸಾಧ್ಯ’ವೂ ಇದೆ, ‘ಕಿಂ’ ಕೂಡ ಇದೆ. ಇದು ಬರಿಯ ಕಾಕತಾಳೀಯ; ಆದರೆ ಹೆಸರನ್ನು ಕನ್ನಡಿಸಬೇಕೆಂದು ತಲೆ ಕೆರೆದುಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗಲಾರದು.

ಚಿತ್ರಶೈಲಿಯ ವಿಶೇಷವೇನು? ಇಪ್ಪತ್ತು ವರ್ಷಗಳ ಮೇಲೂ ಅದೇಕೆ ಹಳತೆನಿಸುವುದಿಲ್ಲ?

ಮುಖ್ಯ ಕಾರಣ, ಅದು ಹುಟ್ಟಿದಾಗಲೇ ತನ್ನ ಕಾಲದ ಫ್ಯಾಷನ್ನಿಗೆ ಅಂಟಿಕೊಂಡಿರಲಿಲ್ಲ. ಮೊದಲ ಸೀಸನ್ ನಿರ್ದೇಶಿಸಿದ ಕ್ರಿಸ್ ಬೇಲಿ, 1995ರಲ್ಲಿ ಮಿಕ್ಕಿ ಮೌಸ್‌ನ ಒಂದು ಕಿರುಚಿತ್ರ ಮಾಡಿ ಹೆಸರಾಗಿದ್ದವರು. ಕಲಾ ನಿರ್ದೇಶಕ ಆಲನ್ ಬೋಡ್ನರ್, 1999ರ ‘ದಿ ಐರನ್ ಜಯಂಟ್’ ಚಿತ್ರಕ್ಕೆ ಅದೇ ಹೊಣೆ ಹೊತ್ತಿದ್ದರು. ಪಾತ್ರಗಳ ವಿನ್ಯಾಸ ಸ್ಟೀಫನ್ ಸಿಲ್ವರ್ ಅವರದು. ಇವರೆಲ್ಲ ಕಣ್ಣಿಟ್ಟದ್ದು 1950 ಮತ್ತು 60ರ ದಶಕಗಳ ಅಮೆರಿಕದ ಜಾಹೀರಾತು, ಕಟ್ಟಡ ಹಾಗೂ ಪೀಠೋಪಕರಣಗಳ ವಿನ್ಯಾಸದ ಮೇಲೆ. ಗೂಢಚಾರಿ ಸಿನಿಮಾಗಳು ತಮ್ಮ ಉಚ್ಛ್ರಾಯದಲ್ಲಿದ್ದುದೂ ಆ 60ರ ದಶಕದಲ್ಲೇ ಆದ್ದರಿಂದ, ಕಥೆಗೂ ಬಣ್ಣಕ್ಕೂ ತಾನಾಗಿಯೇ ಹೊಂದಿಕೆಯಾಯಿತು.

ಪರದೆಯ ಮೇಲೆ ಇದು ಕಾಣುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಹಿನ್ನೆಲೆಯ ಗೋಡೆಗೆ ಒಂದೇ ಬಣ್ಣದ ಚಪ್ಪಟೆ ಬಳಿತವಿರುತ್ತದೆ. ನೆರಳು ಬೇಕಾದಲ್ಲಿ ಇನ್ನೊಂದು ಗಾಢ ಬಣ್ಣವನ್ನು ಕತ್ತರಿಸಿಟ್ಟಂತೆ ಚೂಪಾಗಿ ಹಾಕಲಾಗಿರುತ್ತದೆ. ಮಿಡ್ಲ್‌ಟನ್ನಿನ ಮನೆಗಳ ಸೂರು ಓರೆಯಾಗಿ ಚಾಚಿಕೊಂಡಿರುತ್ತದೆ, ಮರಗಳು ಎಲೆಗಳಿಂದಲ್ಲ, ಆಕಾರಗಳಿಂದ ಮರಗಳಾಗುತ್ತವೆ. ಪಾತ್ರಗಳ ಮೈಕಟ್ಟಿನಲ್ಲಿ ಒಂದು ಬದಿ ನೇರ ಗೆರೆಯಿದ್ದರೆ ಎದುರು ಬದಿಯಲ್ಲಿ ಬಾಗು ಇರುತ್ತದೆ. ಹಾಗಾಗಿ ಸುಮ್ಮನೆ ನಿಂತಿರುವಾಗಲೂ ಅವು ಇನ್ನೇನು ಜಿಗಿಯಲಿವೆ ಎಂಬಂತೆ ತೋರುತ್ತವೆ. ಕಿಮ್‌ಳ ಕಿತ್ತಳೆಗೆಂಪು ಕೂದಲು ಇಳಿಯುತ್ತ ಅಗಲವಾಗುವ ಒಂದೇ ಒಂದು ದೊಡ್ಡ ಆಕಾರ. ರಾನ್‌ನ ಕಿವಿ ಅಗಲ, ಅಂಗಿ ಸಡಿಲ. ಡ್ರಾಕನ್ ಎಂಬ ಖಳನ ಚರ್ಮ ನೀಲಿ, ಕೋಟೂ ನೀಲಿ. ಅವನ ಸಹಾಯಕಿ ಶೀಗೋಳ ಉಡುಪು ಅರ್ಧ ಹಸಿರು, ಅರ್ಧ ಕಪ್ಪು. ದೀಪವಾರಿಸಿ ಬರಿಯ ನೆರಳನ್ನು ತೋರಿಸಿದರೂ ಯಾರು ಯಾರೆಂದು ಮಗುವೂ ಹೇಳಬಲ್ಲದು. ತೊಗಲುಗೊಂಬೆಯಾಟ ನೋಡಿದವರಿಗೆ ಈ ಗುಣದ ಬೆಲೆ ಹೇಳಿಕೊಡಬೇಕಾಗಿಲ್ಲ.

ಇದರಿಂದ ಹಣದ ಉಳಿತಾಯವೂ ಆಗುತ್ತಿತ್ತೆನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಟೀವಿ ಕಾರ್ಟೂನಿನ ವೆಚ್ಚದಲ್ಲಿ ಪ್ರತಿ ಎಲೆಯನ್ನೂ ಬಿಡಿಸುತ್ತ ಕೂರಲಾಗದು. ಆ ಮಿತಿಯನ್ನು ಮರೆಮಾಚಲು ಹೋಗದೆ ಅದನ್ನೇ ಶೈಲಿಯನ್ನಾಗಿ ಮಾಡಿಕೊಂಡದ್ದು ಈ ತಂಡದ ಜಾಣ್ಮೆ. ಅದೇ ಕಾಲದ ಅನೇಕ ಸರಣಿಗಳು ಆಗಷ್ಟೇ ಅಗ್ಗವಾಗುತ್ತಿದ್ದ ಕಂಪ್ಯೂಟರ್ ಗ್ರಾಫಿಕ್ಸ್‌ಗೆ ಮರುಳಾಗಿ ಇಂದು ನೋಡಲಾಗದಂತಾಗಿವೆ, ಇದಕ್ಕೆ ಆ ಗತಿ ಬರಲಿಲ್ಲ.

ಕಿಮ್‌ಳ ಉಡುಪು ಅಷ್ಟೊಂದು ಪ್ರಸಿದ್ಧವಾದದ್ದು ಹೇಗೆ?

ಕಪ್ಪು ಮೇಲಂಗಿ, ಆಲಿವ್ ಬಣ್ಣದ ಕಾರ್ಗೋ ಪ್ಯಾಂಟು, ಕೈಗವಸು, ಇಷ್ಟೇ. 2002ರ ಹುಡುಗಿಯರು ಅಂಗಡಿಯಿಂದ ಕೊಂಡು ತರಬಹುದಾದ ಬಟ್ಟೆಯದು, ಮಾಯದ ಕವಚವಲ್ಲ. ನಾಲ್ಕನೆಯ ಸೀಸನ್‌ನಲ್ಲಿ ಅವಳು ನೇರಳೆ ಮೇಲಂಗಿಗೆ ಬದಲಾಯಿಸಿಕೊಳ್ಳುವುದಕ್ಕೆ ಕೊಟ್ಟಿರುವ ಕಾರಣ ಸೊಗಸಾಗಿದೆ: ಅವಳು ಬಟ್ಟೆ ಕೊಳ್ಳುವ ಕ್ಲಬ್ ಬನಾನಾ ಎಂಬ ಅಂಗಡಿಯವರು ಆ ಹಳೆಯ ಮಾದರಿಯ ಮಾರಾಟವನ್ನೇ ನಿಲ್ಲಿಸಿಬಿಟ್ಟಿರುತ್ತಾರೆ. ಜಗದ್ರಕ್ಷಕಿಗೂ ಸ್ಟಾಕ್ ಇಲ್ಲವೆಂದರೆ ಇಲ್ಲ.

ಶಾಲೆಯ ಕಷ್ಟವನ್ನೂ ಜಗತ್ತಿನ ಕಷ್ಟವನ್ನೂ ಒಂದೇ ಕಂತಿನಲ್ಲಿ ಹೆಣೆಯುವ ಕ್ರಮ ಹೇಗೆ ಕೆಲಸ ಮಾಡುತ್ತದೆ?

ಸರಣಿಯ ನಿಜವಾದ ಕಸುಬು ಇಲ್ಲಿದೆ. ಸಾಮಾನ್ಯವಾಗಿ ಇಂತಹ ಕಥೆಗಳಲ್ಲಿ ಸಾಹಸ ಕಷ್ಟದ್ದು, ದಿನನಿತ್ಯದ ಬದುಕು ವಿರಾಮದ್ದು. ಇಲ್ಲಿ ತಿರುವುಮುರುವು. ವಿಮಾನದಿಂದ ಜಿಗಿಯುವುದು, ಶಾರ್ಕ್‌ಗಳಿರುವ ಕೊಳ ದಾಟುವುದು, ಸಿಡಿಯುವ ಯಂತ್ರವನ್ನು ನಿಲ್ಲಿಸುವುದು, ಇವು ಕಿಮ್‌ಗೆ ಹಾಲು ತರಲು ಅಂಗಡಿಗೆ ಹೋಗಿಬಂದಷ್ಟು ಸಲೀಸು. ಅವಳ ನಾಲಗೆ ತೊದಲುವುದು ಜಾಶ್ ಮ್ಯಾಂಕಿ ಎಂಬ ಹುಡುಗನನ್ನು ನೃತ್ಯಕೂಟಕ್ಕೆ ಕರೆಯಬೇಕಾದಾಗ. ಮೊದಲು ಪ್ರಸಾರವಾದ ಕಂತಿನ ವಿಷಯವೇ ಅದು: ಜಪಾನಿಗೆ ಹೋಗಿ ದೈತ್ಯ ರೋಬಾಟನ್ನು ಕೆಡವುವ ಹುಡುಗಿಗೆ ಶಾಲೆಯ ಕಾರಿಡಾರಿನಲ್ಲಿ ಒಂದು ವಾಕ್ಯ ಪೂರ್ತಿ ಹೇಳಲಾಗುವುದಿಲ್ಲ.

ಇನ್ನೊಂದು ಆರಂಭದ ಕಂತನ್ನು ನೋಡಿ. ತಡವಾಗಿ ಬಂದ ತಪ್ಪಿಗೆ ಕಿಮ್ ಶಾಲೆ ಬಿಟ್ಟ ಮೇಲೆ ಶಿಕ್ಷೆಗೆ ಕೂರಬೇಕಾಗಿರುತ್ತದೆ. ಅದೇ ಹೊತ್ತಿಗೆ ಉಣ್ಣಿಯಷ್ಟು ಚಿಕ್ಕದಾದ ಒಂದು ಸ್ಫೋಟಕ ಯಂತ್ರ ಅವಳ ಮೂಗಿನ ತುದಿಗೆ ಕಚ್ಚಿಕೊಂಡುಬಿಡುತ್ತದೆ. ನೋಡುವವರ ಕಣ್ಣಿಗೆ ಅದು ಬಾಂಬಲ್ಲ, ಮೊಡವೆ! ಹದಿನಾರರ ಹರೆಯದಲ್ಲಿ ಮೂಗಿನ ಮೇಲೊಂದು ಮೊಡವೆ ಎದ್ದರೆ ಲೋಕವೇ ಮುಳುಗಿದಂತಾಗುತ್ತದೆಂಬ ಮಾತನ್ನು ಬರಹಗಾರರು ಅಕ್ಷರಶಃ ನಿಜ ಮಾಡಿಟ್ಟಿದ್ದಾರೆ. ಕೊನೆಗೆ ಅದನ್ನು ಕಳಚುವುದು ಯಾವ ಪ್ರಯೋಗಾಲಯದ ರಸಾಯನವೂ ಅಲ್ಲ, ರಾನ್ ನಿತ್ಯ ತಿನ್ನುವ ಬ್ವೇನೋ ನಾಚೋ ಹೋಟೆಲಿನ ಖಾರದ ಸಾಸ್.

ಹೀಗೆ ಎರಡು ಎಳೆಗಳು ಪಕ್ಕಪಕ್ಕದಲ್ಲಿ ಓಡುವುದಿಲ್ಲ, ಒಂದು ಇನ್ನೊಂದರ ಮೂಗಿನ ಮೇಲೆಯೇ ಕೂತಿರುತ್ತದೆ. ಚೆನ್ನಾಗಿ ಬರೆದ ಕಂತುಗಳಲ್ಲೆಲ್ಲ ಈ ಗಂಟು ಬಿಗಿಯಾಗಿದೆ. ಸೋತ ಕಂತುಗಳಲ್ಲಿ ಅದು ಸಡಿಲ.

ಇನ್ನೊಂದು ಸಣ್ಣ ಪದ್ಧತಿಯನ್ನು ಇಲ್ಲಿಯೇ ಹೇಳಬೇಕು. ಕಿಮ್‌ಗೆ ಸ್ವಂತ ವಿಮಾನವಿಲ್ಲ. ಪ್ರತಿ ಸಲವೂ ಯಾರೋ ಒಬ್ಬರ ಹೆಲಿಕಾಪ್ಟರ್, ಸರಕು ಹಡಗು, ಇಲ್ಲವೇ ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಹೋಗುತ್ತಾಳೆ. ಇಳಿಯುವ ಮುನ್ನ ಧನ್ಯವಾದ ಹೇಳುತ್ತಾಳೆ. ಅವರು, ಹಿಂದೊಮ್ಮೆ ನೀನು ನಮ್ಮನ್ನು ಪ್ರವಾಹದಿಂದಲೋ ಭೂಕುಸಿತದಿಂದಲೋ ಉಳಿಸಿದ್ದೆಯಲ್ಲ, ಅದರ ಮುಂದೆ ಇದೇನು ಮಹಾ ಎನ್ನುತ್ತಾರೆ. ಅವಳು, ಅಯ್ಯೋ, ಅದನ್ನು ಯಾರು ಬೇಕಾದರೂ ಮಾಡುತ್ತಿದ್ದರು ಎನ್ನುತ್ತಾಳೆ. ಅರ್ಧ ನಿಮಿಷದ ಈ ಮಾತುಕತೆ ನಾವು ನೋಡದ ನೂರು ಸಾಹಸಗಳನ್ನು ಹೇಳಿಬಿಡುತ್ತದೆ. ಜೊತೆಗೆ ಅವಳ ಶಕ್ತಿ ನಿಂತಿರುವುದು ಉಪಕರಣಗಳ ಮೇಲಲ್ಲ, ಉಪಕಾರದ ಲೆಕ್ಕದ ಮೇಲೆ ಎನ್ನುವುದೂ ತಿಳಿಯುತ್ತದೆ.

ಖಳರನ್ನು ಜನ ನಾಯಕಿಯಷ್ಟೇ ಮೆಚ್ಚುವುದೇಕೆ?

ಡ್ರಾಕನ್ ಮತ್ತು ಶೀಗೋ ಜೋಡಿಯನ್ನು ನೋಡಿದ ಯಾರಿಗೂ ಈ ಪ್ರಶ್ನೆ ಏಳದು. ಡ್ರಾಕನ್‌ನ ನಿಜನಾಮ ಡ್ರೂ ಲಿಪ್ಸ್‌ಕಿ. ಕಾಲೇಜಿನಲ್ಲಿ ಕಿಮ್‌ಳ ತಂದೆಯ ಸಹಪಾಠಿಯಾಗಿದ್ದು, ಜೊತೆಗಾರರು ತನ್ನ ರೋಬಾಟುಗಳನ್ನು ನೋಡಿ ನಕ್ಕರೆಂದು ಓದು ಬಿಟ್ಟುಹೋದವನು. ಮಗ ರೇಡಿಯೋದಲ್ಲಿ ವೈದ್ಯಕೀಯ ಸಲಹೆ ಕೊಡುವ ಡಾಕ್ಟರೆಂದೇ ಅವನ ತಾಯಿ ನಂಬಿದ್ದಾಳೆ. ಲೋಕವನ್ನು ಗೆಲ್ಲಬೇಕೆನ್ನುವ ಅವನಿಗೆ ರಾನ್‌ನ ಹೆಸರೊಂದು ನೆನಪಿನಲ್ಲಿ ನಿಲ್ಲುವುದಿಲ್ಲ.

ಶೀಗೋ ಅವನಿಗಿಂತ ಬುದ್ಧಿವಂತೆ, ಬಲಶಾಲಿ, ಅಂಗೈಯಿಂದ ಹಸಿರು ಜ್ವಾಲೆ ಚಿಮ್ಮಿಸಬಲ್ಲವಳು. ಆದರೂ ಅವನ ಕೈಕೆಳಗೆ ಕೆಲಸಕ್ಕಿದ್ದಾಳೆ. ಅವನು ತನ್ನ ಯೋಜನೆಯನ್ನು ವರ್ಣಿಸುತ್ತಿರುವಾಗ ಅವಳು ಕುರ್ಚಿಯಲ್ಲಿ ಕಾಲು ಚಾಚಿ ಪತ್ರಿಕೆ ತಿರುವುತ್ತಲೋ ಕೈಗವಸಿನ ಉಗುರುಗಳನ್ನು ಅರದಿಂದ ಉಜ್ಜುತ್ತಲೋ ಇರುತ್ತಾಳೆ. ಸಾಹೇಬರ ಮೀಟಿಂಗಿನಲ್ಲಿ ಕೂತು ಗೋಡೆಯ ಗಡಿಯಾರ ನೋಡಿದ ಯಾವ ನೌಕರರಿಗಾದರೂ ಆ ಭಂಗಿ ಪರಿಚಿತ. ಮಕ್ಕಳಾಗಿದ್ದಾಗ ಕಿಮ್‌ಳನ್ನು ಮೆಚ್ಚಿದವರು ಕೆಲಸಕ್ಕೆ ಸೇರಿದ ಮೇಲೆ ಶೀಗೋಳ ಕಡೆಗೆ ವಾಲುವುದನ್ನು ನಾನು ಸಾಕಷ್ಟು ಕಂಡಿದ್ದೇನೆ, ನಾನೂ ಆ ಸಾಲಿನವನೇ. ಡ್ರಾಕನ್‌ಗೆ ಜಾನ್ ಡಿಮ್ಯಾಜಿಯೋ, ಶೀಗೋಗೆ ನಿಕೋಲ್ ಸಲಿವನ್ ಕೊಟ್ಟ ಧ್ವನಿಗಳಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಕೊಕ್ಕೆ ಹಾಕುವ ಲಯವಿದೆ. ಅರ್ಧ ನಗು ಹುಟ್ಟುವುದು ಅಲ್ಲಿಯೇ.

ಉಳಿದವರೂ ಕಡಿಮೆಯವರಲ್ಲ. ಗಾಲ್ಫ್ ಚೆಂಡನ್ನೇ ಬಾಂಬು ಮಾಡಿಕೊಂಡ ಡಫ್ ಕಿಲಿಗನ್ ಇದ್ದಾನೆ, ಕೈಕಾಲುಗಳನ್ನು ಕಪಿಯದಾಗಿ ಮಾರ್ಪಡಿಸಿಕೊಂಡ ಬ್ರಿಟಿಷ್ ಸಿರಿವಂತ ಮಂಕಿ ಫಿಸ್ಟ್ ಇದ್ದಾನೆ. ಬೇಸರ ಕಳೆಯಲು ಖಳನಾದ ಮುದಿ ಶ್ರೀಮಂತ ಸೆನ್ಯೋರ್ ಸೀನಿಯರ್‌ನಿಗೆ ಅವನ ಸೋಮಾರಿ ಮಗ ಜೂನಿಯರ್ ಜೊತೆಗಾರ. ತಂದೆಗೆ ಖಳತನದ ಶಿಷ್ಟಾಚಾರದ್ದೇ ಚಿಂತೆ, ಮಗನಿಗೆ ಪಾಪ್ ಗಾಯಕನಾಗುವ ಕನಸು. ತಂದೆಯ ಪಾತ್ರಕ್ಕೆ ಮೊದಲು ಧ್ವನಿ ನೀಡಿದವರು ಹಿರಿಯ ನಟ ರಿಕಾರ್ಡೊ ಮಾಂಟಲ್ಬಾನ್.

ರಾನ್ ಬರಿಯ ವಿದೂಷಕನೇ?

ಆರಂಭದಲ್ಲಿ ಹೌದೆನ್ನಿಸುತ್ತದೆ. ಓಡುವಾಗ ಪ್ಯಾಂಟು ಜಾರುತ್ತದೆ, ಮಂಗಗಳನ್ನು ಕಂಡರೆ ಪ್ರಾಣಭಯ, ಶಾಲೆಯ ತಂಡಕ್ಕೆ ನಾಯಿಯ ಮುಖವಾಡ ಹಾಕಿ ಕುಣಿಯುವ ಕೆಲಸ. ಆದರೆ ಕಿಮ್ ಮೊದಲ ಕಂತಿನಲ್ಲೇ ಪರಿಪೂರ್ಣಳಾಗಿ ಬಂದವಳಾದ್ದರಿಂದ, ಬೆಳೆಯಲು ಜಾಗವಿರುವುದು ರಾನ್‌ಗೆ ಮಾತ್ರ ಎಂಬುದನ್ನು ಬರಹಗಾರರು ಬಲುಬೇಗ ಅರಿತರು. ಎರಡನೆಯ ಸೀಸನ್‌ನ ಒಂದು ಕಂತಿನಲ್ಲಿ ಗ್ಲೋಬಲ್ ಜಸ್ಟಿಸ್‌ನವರು, ಕಿಮ್‌ಳ ಯಶಸ್ಸಿನ ಗುಟ್ಟು ರಾನ್ ಇರಬಹುದೇ ಎಂದು ಅವನನ್ನು ಪರೀಕ್ಷೆಗೆ ಒಳಪಡಿಸುತ್ತಾರೆ. ಹಾಸ್ಯಕ್ಕೆಂದು ಎತ್ತಿದ ಆ ಪ್ರಶ್ನೆಗೆ ಸರಣಿ ಕೊನೆಯವರೆಗೂ ಉತ್ತರ ಹುಡುಕುತ್ತ ಹೋಯಿತು.

ಅದೇ ಸೀಸನ್‌ನ ಗೃಹವಿಜ್ಞಾನ ತರಗತಿಯ ಪ್ರಸಂಗ ನನಗೆ ಅಚ್ಚುಮೆಚ್ಚು. ಏನು ಬೇಕಾದರೂ ಮಾಡಬಲ್ಲ ಕಿಮ್‌ಗೆ ಅಡುಗೆ ಮಾತ್ರ ಕೈಗೆ ಹತ್ತುವುದಿಲ್ಲ. ಒಲೆಯ ಮುಂದೆ ನಿಂತರೆ ಹೊಗೆಯೇಳುತ್ತದೆ. ರಾನ್ ಮಾತ್ರ ಹುಟ್ಟು ಬಾಣಸಿಗ, ಉಳಿದವರಿಗೆ ಪಾಠ ಹೇಳಿಕೊಡುವಷ್ಟು ನಿಪುಣ. ಹುಡುಗಿಗೆ ಅಡುಗೆ ಬರಲೇಬೇಕು, ಹುಡುಗನಿಗೆ ಹೊಡೆದಾಟ ಬರಲೇಬೇಕು ಎಂಬ ಲೆಕ್ಕವನ್ನು ಎಲ್ಲಿಯೂ ಉಪದೇಶ ಮಾಡದೆ ಅಳಿಸಿಹಾಕಿರುವುದು ಇಲ್ಲಿ ಕಾಣುತ್ತದೆ.

ನಾಚೋ ಮತ್ತು ಟಾಕೋ ಎಂಬ ಎರಡು ಮೆಕ್ಸಿಕನ್ ತಿಂಡಿಗಳನ್ನು ಬೆರೆಸಿ ರಾನ್ ‘ನಾಕೋ’ ಎಂಬುದನ್ನು ಕಂಡುಹಿಡಿಯುತ್ತಾನೆ. ಅದರ ಗೌರವಧನವೆಂದು ಅವನ ಕೈಗೆ 9.9 ಕೋಟಿ ಡಾಲರ್ ಬಂದು ಬೀಳುವುದೂ ಅದು ಬಂದಷ್ಟೇ ವೇಗವಾಗಿ ಕೈಬಿಟ್ಟು ಹೋಗುವುದೂ ಒಂದು ಕಂತಿನ ಕಥೆ.

ರಾನ್ ಸಾಕಿಕೊಂಡ ರೂಫಸ್‌ನಂತಹ ಪ್ರಾಣಿ ನಿಜವಾಗಿ ಇದೆಯೇ?

ಇದೆ. ಪೂರ್ವ ಆಫ್ರಿಕಾದ ಒಣನೆಲದಲ್ಲಿ ಬಿಲ ತೋಡಿ ಬದುಕುವ, ಮೈಮೇಲೆ ಹೆಚ್ಚುಕಡಿಮೆ ಕೂದಲೇ ಇಲ್ಲದ ಬೆತ್ತಲೆ ಬಿಲದಿಲಿ ಅದು. ಜೇನುಗೂಡಿನಂತೆ ಒಬ್ಬಳು ರಾಣಿಯ ಸುತ್ತ ಗುಂಪುಕಟ್ಟಿ ಬಾಳುತ್ತದೆ. ಇಲಿಗಳ ಪೈಕಿ ಅಚ್ಚರಿಯೆನಿಸುವಷ್ಟು ದೀರ್ಘಾಯುಷಿ, ಮೂವತ್ತು ವರ್ಷ ದಾಟಿದ ಉದಾಹರಣೆಗಳಿವೆ. ಕಥೆಯಲ್ಲಿ ರಾನ್‌ನ ತಂದೆಗೆ ಕೂದಲಿರುವ ಪ್ರಾಣಿಗಳೆಂದರೆ ಅಲರ್ಜಿ, ಅದಕ್ಕಾಗಿ ಇದನ್ನು ಸಾಕಲಾಗಿದೆ. ರೂಫಸ್‌ನ ಕೀರಲು ಮಾತುಗಳನ್ನು ಆಡಿದವರು ನ್ಯಾನ್ಸಿ ಕಾರ್ಟ್‌ರೈಟ್, ಬಾರ್ಟ್ ಸಿಂಪ್ಸನ್‌ನ ಧ್ವನಿಯೂ ಅವರದೇ.

ಸಂಭಾಷಣೆಯ ಆ ವಿಚಿತ್ರ ಪದಗಳ ಅರ್ಥವೇನು?

ಕಿಮ್ ಕರೆ ಸ್ವೀಕರಿಸಿದೊಡನೆ ಕೇಳುವ ‘ವಾಟ್ಸ್ ದ ಸಿಚ್’ ಎಂಬುದರಲ್ಲಿ ಸಿಚ್ವೇಶನ್ ಎಂಬ ಪದ ಅರ್ಧಕ್ಕೆ ತುಂಡಾಗಿದೆ. ನಾವು ಕರೆ ಎತ್ತಿ ‘ಏನ್ ಸಮಾಚಾರ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಧಾಟಿ. ‘ನೋ ಬಿಗ್’ ಎಂಬುದು ನಮ್ಮ ‘ಅದೇನ್ ಮಹಾ ಬಿಡಿ’. ‘ಸೋ ನಾಟ್ ದ ಡ್ರಾಮಾ’ ಎಂದರೆ ಇದಕ್ಕೆಲ್ಲ ಇಷ್ಟೊಂದು ರಾದ್ಧಾಂತ ಬೇಕಾಗಿಲ್ಲ ಎಂದು. ಹದಿಹರೆಯದವರ ನಿಜವಾದ ಆಡುನುಡಿಯನ್ನು ಯಥಾವತ್ತಾಗಿ ಹಾಕಿದ್ದರೆ ಎರಡೇ ವರ್ಷಕ್ಕೆ ಹಳಸಿರುತ್ತಿತ್ತು. ಬರಹಗಾರರು ಹಾಗೆ ಕೇಳಿಸುವಂತಹ ಆದರೆ ಬಹುಮಟ್ಟಿಗೆ ತಾವೇ ಹೊಸೆದ ನುಡಿಯನ್ನು ಕೊಟ್ಟರು. ಅದು ಯಾವ ವರ್ಷಕ್ಕೂ ಸೇರದ್ದರಿಂದ ಯಾವ ವರ್ಷದಲ್ಲೂ ನಗಿಸುತ್ತದೆ.

ಪೇಜರ್ ಕಾಲದ ತಂತ್ರಜ್ಞಾನ ಇಂದು ನಗೆಪಾಟಲಾಗುವುದಿಲ್ಲವೇ?

ಶೀರ್ಷಿಕೆ ಗೀತೆಯಲ್ಲಿ ಮಾತ್ರ ಆಗುತ್ತದೆ. ಕ್ರಿಸ್ಟೀನಾ ಮಿಲಿಯನ್ ಹಾಡಿದ ಆ ಗೀತೆಯಲ್ಲಿ ಬೇಕೆಂದಾಗ ಬೀಪ್ ಮಾಡಿ ಎಂಬ ಮಾತಿದೆ. ಇಂದಿನ ಮಕ್ಕಳಿಗೆ ಬೀಪ್ ಎಂದರೇನೆಂದು ವಿವರಿಸಬೇಕು. ಆದರೆ ಅವಳ ಕೈಯಲ್ಲಿರುವ ಕಿಮ್ಯುನಿಕೇಟರ್ ಎಂಬ ಸಾಧನ ಬೇರೆಯದೇ ಮಾತು. ಅಂಗೈಯಗಲದ ಪರದೆ, ಮುಖ ನೋಡಿ ಮಾತಾಡುವ ಸೌಕರ್ಯ, ಅಂತರ್ಜಾಲ, ಸ್ಕ್ಯಾನರ್, ಎಲ್ಲವೂ 2002ರಲ್ಲೇ. ಮೊದಲ ಐಫೋನ್ ಮಾರುಕಟ್ಟೆಗೆ ಬಂದದ್ದು 2007ರ ಜೂನ್‌ನಲ್ಲಿ, ಸರಣಿಯ ಕೊನೆಯ ಕಂತಿಗೆ ಕೆಲವೇ ವಾರ ಮೊದಲು. ಇನ್ನು ಅದರ ಆಚೆ ತುದಿಯಲ್ಲಿರುವ ವೇಡ್ ಎಂಬ ಹತ್ತು ವರ್ಷದ ಮೇಧಾವಿಯಂತೂ ಕೋಣೆ ಬಿಟ್ಟು ಕದಲದೆ, ಸುತ್ತ ಪರದೆಗಳನ್ನಿಟ್ಟುಕೊಂಡು, ತಂಪು ಪಾನೀಯ ಹೀರುತ್ತ ಜಗತ್ತನ್ನೇ ನಿಭಾಯಿಸುತ್ತಾನೆ. ಮನೆಯಿಂದಲೇ ಕೆಲಸ ಮಾಡುವ ಅವನನ್ನು ಆಗ ವಿಚಿತ್ರವೆಂದು ತೋರಿಸಲಾಗಿತ್ತು.

ಅದೇ ಕಾಲದ ‘ಟೋಟಲಿ ಸ್ಪೈಸ್’ ಸರಣಿಗೂ ಇದಕ್ಕೂ ಏನು ವ್ಯತ್ಯಾಸ?

ಫ್ರಾನ್ಸಿನ ಮ್ಯಾರಥಾನ್ ಸಂಸ್ಥೆ ತಯಾರಿಸಿದ ಆ ಸರಣಿ 2001ರ ನವೆಂಬರ್‌ನಲ್ಲೇ ಅಮೆರಿಕದಲ್ಲಿ ತೆರೆಕಂಡಿತ್ತು. ಬೆವರ್ಲಿ ಹಿಲ್ಸ್‌ನ ಸ್ಯಾಮ್, ಕ್ಲೋವರ್ ಮತ್ತು ಅಲೆಕ್ಸ್ ಎಂಬ ಮೂವರು ಹುಡುಗಿಯರನ್ನು ಜೆರ್ರಿ ಎಂಬ ಮೇಲಧಿಕಾರಿ ಕಾಲಡಿಯ ನೆಲವನ್ನೇ ತೆರೆದು ಕಚೇರಿಗೆ ಎಳೆದುಕೊಳ್ಳುತ್ತಾನೆ. ಅವರು ನಿಜವಾಗಿಯೂ ಸಂಸ್ಥೆಯೊಂದರ ಬೇಹುಗಾರ್ತಿಯರು. ಅದರ ಚಿತ್ರಶೈಲಿಯಲ್ಲಿ ಜಪಾನಿನ ಅನಿಮೆಯ ಪ್ರಭಾವ ಎದ್ದು ಕಾಣುತ್ತದೆ: ಅಚ್ಚರಿಯಾದರೆ ಮುಖ ವಿಕಾರವಾಗುತ್ತದೆ, ಹಣೆಯ ಮೇಲೆ ದೊಡ್ಡ ಬೆವರಹನಿ ಮೂಡುತ್ತದೆ. ಅಲ್ಲಿ ಖುಷಿಯಿರುವುದು ಮೂವರ ಗೆಳೆತನದ ಗಲಾಟೆಯಲ್ಲಿ. ‘ಕಿಮ್ ಪಾಸಿಬಲ್’ನ ಜೀವಾಳ ಮಾತಿನ ಮೊನಚು ಮತ್ತು ಪಾತ್ರಗಳ ಬೆಳವಣಿಗೆ. ಆಯುಷ್ಯದಲ್ಲಿ ಮಾತ್ರ ಫ್ರೆಂಚ್ ಸರಣಿಯದೇ ಮೇಲುಗೈ, 2024ರಲ್ಲಿ ಅದರ ಏಳನೆಯ ಸೀಸನ್ ಬಂದಿದೆ.

2005ರ ಟೀವಿ ಚಿತ್ರವನ್ನು ಅಭಿಮಾನಿಗಳು ಶಿಖರವೆನ್ನುವುದು ಸರಿಯೇ?

ಸರಿಯೆಂದೇ ನನ್ನ ಅಭಿಪ್ರಾಯ. 2005ರ ಏಪ್ರಿಲ್ 8ರಂದು ಪ್ರಸಾರವಾದ ‘ಸೋ ದ ಡ್ರಾಮಾ’ದಲ್ಲಿ ಡ್ರಾಕನ್ ಮೊದಲ ಬಾರಿಗೆ ನಿಜಕ್ಕೂ ಒಳ್ಳೆಯ ಯೋಜನೆ ಹೂಡುತ್ತಾನೆ. ಹದಿಹರೆಯದ ಹುಡುಗಿಯ ದೌರ್ಬಲ್ಯವೇನೆಂದು ತಿಳಿದುಕೊಂಡು, ಎರಿಕ್ ಎಂಬ ಸುಂದರ ಕೃತಕ ಹುಡುಗನನ್ನು ತಯಾರಿಸಿ ಅವಳ ಶಾಲೆಗೆ ಬಿಡುತ್ತಾನೆ. ಇತ್ತ ಬ್ವೇನೋ ನಾಚೋ ಹೋಟೆಲುಗಳನ್ನೇ ಕೊಂಡು, ಮಕ್ಕಳ ಊಟದ ಜೊತೆ ಉಚಿತವಾಗಿ ಕೊಡುವ ಪುಟ್ಟ ಆಟಿಕೆಗಳಲ್ಲಿ ತನ್ನ ಸೈನ್ಯವನ್ನು ಅಡಗಿಸಿಡುತ್ತಾನೆ.

ಈ ಮಹಾಸಂಚಿನ ಎಳೆ ಸಿಗುವುದು ಯಾವ ಗೂಢಚಾರಿಗೂ ಅಲ್ಲ. ತನ್ನ ನಿತ್ಯದ ಹೋಟೆಲಿನಲ್ಲಿ ಬಾಗುವ ಸ್ಟ್ರಾಗಳನ್ನು ನಿಲ್ಲಿಸಿಬಿಟ್ಟಿದ್ದಾರೆಂದು ರಾನ್ ಕೆಂಡವಾಗುತ್ತಾನೆ. ಕಿಮ್ ಹೊಸ ಹುಡುಗನ ಗುಂಗಿನಲ್ಲಿರುವಾಗ, ರಾನ್ ಆ ಸ್ಟ್ರಾದ ತಕರಾರು ಹಿಡಿದುಕೊಂಡೇ ಹೋಗಿ ಖಳನ ಬಾಗಿಲು ಮುಟ್ಟುತ್ತಾನೆ. ಪ್ರತಿದಿನ ಒಂದೇ ಮೇಜಿನಲ್ಲಿ ಕೂತು ತಿನ್ನುವವನಿಗೆ ಮಾತ್ರ ಕಾಣಿಸುವಂತಹ ಬದಲಾವಣೆಯದು. ಕಿಮ್ ಕಟ್ಟಿಹಾಕಿಸಿಕೊಂಡು, ಸೋತೆನೆಂದು ಒಪ್ಪಿ ಕೂತಾಗ ಅವಳನ್ನು ಎಬ್ಬಿಸುವವನೂ ಅವನೇ. ಕೊನೆಗೆ ಇಬ್ಬರೂ ಕೈಹಿಡಿದು ನೃತ್ಯಕೂಟದ ಬಾಗಿಲಲ್ಲಿ ನಿಲ್ಲುತ್ತಾರೆ. ಸಹಪಾಠಿ ಬಾನಿ ಎಂದಿನಂತೆ ಗೇಲಿ ಮಾಡಲು ಹೋಗುತ್ತಾಳೆ. ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ.

ಅಲ್ಲಿಗೇ ಮುಗಿಯಬೇಕಿದ್ದ ಸರಣಿ ಮುಂದುವರಿದದ್ದು ಹೇಗೆ?

ಆ ದಿನಗಳಲ್ಲಿ ಡಿಸ್ನಿ ಚಾನೆಲ್ ತನ್ನ ಸರಣಿಗಳನ್ನು 65 ಕಂತುಗಳಿಗೆ ನಿಲ್ಲಿಸುವ ರೂಢಿ ಇಟ್ಟುಕೊಂಡಿತ್ತು. ಮರುಪ್ರಸಾರದ ಲೆಕ್ಕಾಚಾರಕ್ಕೆ ಅಷ್ಟು ಸಾಕಾಗುತ್ತಿತ್ತು. ಈ ಸರಣಿಯೂ ಆ ಗೆರೆ ಮುಟ್ಟಿ ನಿಂತಿತು. ಅಭಿಮಾನಿಗಳು ಪತ್ರ ಮತ್ತು ಮನವಿಗಳ ಮೂಲಕ ಒತ್ತಾಯಿಸಿದ ಮೇಲೆ ಇನ್ನೂ 22 ಕಂತುಗಳಿಗೆ ಒಪ್ಪಿಗೆ ಸಿಕ್ಕಿ, 2007ರ ಫೆಬ್ರುವರಿಯಲ್ಲಿ ನಾಲ್ಕನೆಯ ಸೀಸನ್ ಆರಂಭವಾಯಿತು.

ಆ ಸೀಸನ್ ಬೇಕಿತ್ತೇ ಎಂಬ ವಾದ ಇನ್ನೂ ಮುಗಿದಿಲ್ಲ. ಕಿಮ್ ಮತ್ತು ರಾನ್ ಪ್ರೇಮಿಗಳಾದ ಮೇಲೆ ಹಿಂದಿನ ಹುಡುಗಾಟಿಕೆ ಕೆಲವೆಡೆ ತಡವರಿಸುತ್ತದೆ, ರಾನ್‌ನನ್ನು ಫುಟ್‌ಬಾಲ್ ಆಟಗಾರನನ್ನಾಗಿ ಮಾಡಿದ್ದು ನನಗೆ ಅನಗತ್ಯವೆನಿಸಿತ್ತು. ಆದರೆ ಕೊನೆಯ ಕಂತಿನಲ್ಲಿ, ಪದವಿ ಪ್ರದಾನದ ದಿನವೇ ಅನ್ಯಗ್ರಹದವರು ದಾಳಿಯಿಟ್ಟು ಕಿಮ್ ಬಿದ್ದಾಗ, ಮಂಗವೆಂದರೆ ಹೆದರುತ್ತಿದ್ದ ಹುಡುಗ ತನ್ನೊಳಗಿನ ಕಪಿಶಕ್ತಿಯಿಂದಲೇ ಎದ್ದುನಿಲ್ಲುವುದನ್ನು ನೋಡಿದವರು ಆ 22 ಕಂತುಗಳ ಬಗ್ಗೆ ಸುಲಭವಾಗಿ ಗೊಣಗಲಾರರು. ಡ್ರಾಕನ್‌ಗೂ ಅಲ್ಲಿ ಜಗತ್ತಿನ ಮುಂದೆ ಒಂದು ಪದಕ ಸಿಗುತ್ತದೆ.

ನಟನಟಿಯರನ್ನಿಟ್ಟು ಮಾಡಿದ ಚಿತ್ರ ಹೇಗಿದೆ?

2019ರ ಫೆಬ್ರುವರಿಯಲ್ಲಿ ಸೇಡಿ ಸ್ಟ್ಯಾನ್ಲಿ ನಾಯಕಿಯಾಗಿ ಬಂದ ಆ ಟೀವಿ ಚಿತ್ರವನ್ನು ಒಮ್ಮೆ ನೋಡಬಹುದು. ಮೂಲ ಸರಣಿಯ ಕಿಮ್‌ಳ ಧ್ವನಿಯಾದ ಕ್ರಿಸ್ಟಿ ಕಾರ್ಲ್ಸನ್ ರೊಮಾನೊ ಅದರಲ್ಲೊಂದು ಪುಟ್ಟ ಪಾತ್ರದಲ್ಲಿ ಕಾಣಿಸಿಕೊಂಡಿದ್ದಾರೆ. ಕೋನಗಳಿಂದಲೂ ಬಣ್ಣಗಳಿಂದಲೂ ಬದುಕಿದ್ದ ಲೋಕವನ್ನು ನಿಜದ ಕಾರಿಡಾರುಗಳಿಗೆ ತಂದರೆ ಉಳಿಯುವುದು ಕಥೆಯ ಎಲುಬು ಮಾತ್ರ. ಅದಕ್ಕಿಂತ, ಫ್ಲಾರಿಡಾದ ಎಪ್ಕಾಟ್ ಉದ್ಯಾನದಲ್ಲಿ 2009ರಿಂದ 2012ರವರೆಗೆ ಸಂದರ್ಶಕರ ಕೈಗೇ ಕಿಮ್ಯುನಿಕೇಟರ್ ಕೊಟ್ಟು ಸಂಚು ಭೇದಿಸಲು ಬಿಡುತ್ತಿದ್ದ ಆಟ ಸರಣಿಯ ಮನೋಧರ್ಮಕ್ಕೆ ಹೆಚ್ಚು ಹತ್ತಿರವಿತ್ತು.

ಇದು ಕನ್ನಡದಲ್ಲಿ ಬಂದಿತ್ತೇ?

ಡಿಸ್ನಿ ಚಾನೆಲ್ 2004ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗುಗಳಿಗೆ ಜಾಗವಿತ್ತು, ಕನ್ನಡಕ್ಕಿರಲಿಲ್ಲ. ನಮ್ಮಲ್ಲಿ ಡಬ್ಬಿಂಗ್ ಬೇಡವೆಂಬ ನಿಲುವು ಗಟ್ಟಿಯಾಗಿದ್ದ ಕಾಲವದು. ಕನ್ನಡದ ಮಕ್ಕಳಿಗೆಂದೇ ಚಿಂಟು ಟೀವಿ ಶುರುವಾದದ್ದು 2009ರಲ್ಲಿ. ಹಾಗಾಗಿ ಕರ್ನಾಟಕದಲ್ಲಿ ಈ ಸರಣಿ ನೋಡಿ ಬೆಳೆದವರು ಅದನ್ನು ಇಂಗ್ಲಿಷಿನಲ್ಲೋ ಪಕ್ಕದ ಭಾಷೆಯಲ್ಲೋ ನೋಡಿ, ಆಮೇಲೆ ಮನೆಯ ಅಂಗಳದಲ್ಲಿ ಕನ್ನಡದಲ್ಲಿ ಆಡಿದರು. ಡ್ರಾಕನ್‌ನ ಬೈಗುಳಗಳು ಕನ್ನಡದಲ್ಲಿ ಎಷ್ಟು ಚೆನ್ನಾಗಿರುತ್ತಿದ್ದವೆಂದು ಈಗಲೂ ಅನ್ನಿಸುತ್ತದೆ.

ಇಂದು ನೋಡುವಾಗ ಮುಜುಗರವಾಗುವಂಥದ್ದು ಏನಾದರೂ ಇದೆಯೇ?

ಇದೆ. ಪರದೇಶಗಳನ್ನು ಚಿತ್ರಿಸುವಾಗ ಸರಣಿ ಸೋಮಾರಿಯಾಗುತ್ತದೆ. ಜಪಾನೆಂದರೆ ನಿಂಜಾಗಳ ಗುಟ್ಟಿನ ಶಾಲೆ, ಸ್ಕಾಟ್ಲೆಂಡೆಂದರೆ ಸಿಡುಕಿನ ಗಾಲ್ಫ್ ಆಟಗಾರ. ಹಾಸ್ಯಕ್ಕೆಂದು ಎಳೆದ ಉಚ್ಚಾರಣೆಗಳಲ್ಲಿ ಕೆಲವು ಈಗ ಕಿವಿಗೆ ಒರಟು. ಕಿಮ್‌ಳ ಗೆಳತಿ ಮೊನೀಕ್‌ಗೆ ರೇವನ್ ಸೈಮೋನ್ ಕೊಟ್ಟ ಧ್ವನಿ ಅಷ್ಟು ಸೊಗಸಾಗಿದ್ದರೂ ಅವಳಿಗೆಂದೇ ಇರುವ ಕಥೆಗಳು ಕಡಿಮೆ.

ಮೊದಲ ಬಾರಿಗೆ ನೋಡುವವರು ಎಲ್ಲಿಂದ ಆರಂಭಿಸಬೇಕು?

ಕ್ರಮಾಂಕ ಹಿಡಿದು ನೋಡಬೇಕೆಂದೇನೂ ಇಲ್ಲ; ಹೆಚ್ಚಿನ ಕಂತುಗಳು ತಮ್ಮಷ್ಟಕ್ಕೆ ಪೂರ್ಣ. ಮೂಗಿನ ಮೇಲೆ ಬಾಂಬು ಕೂರುವ ಕಂತಿನಿಂದ ಆರಂಭಿಸಿ, ಶೀಗೋ ಇರುವ ನಾಲ್ಕಾರು ಕಂತುಗಳನ್ನು ನೋಡಿ, ಬಳಿಕ 2003ರ ಕಾಲಯಾನದ ಚಿತ್ರಕ್ಕೆ ಹೋಗಬಹುದು. ರಾನ್‌ನ ಕುಟುಂಬ ನಾರ್ವೆಗೆ ಮನೆ ಬದಲಾಯಿಸಿದ್ದಕ್ಕೂ ಲೋಕ ಶೀಗೋಳ ಕೈಗೆ ಸಿಕ್ಕಿದ್ದಕ್ಕೂ ಇರುವ ನಂಟು ಅಲ್ಲಿ ಬಿಚ್ಚಿಕೊಳ್ಳುತ್ತದೆ. ‘ಸೋ ದ ಡ್ರಾಮಾ’ವನ್ನು ಮಾತ್ರ ಮೊದಲು ನೋಡಬೇಡಿ. ರಾನ್ ಎಷ್ಟು ವರ್ಷಗಳಿಂದ ಅದೇ ಹೋಟೆಲಿನ ಅದೇ ಮೇಜಿನಲ್ಲಿ ಕೂತಿದ್ದಾನೆಂದು ತಿಳಿಯದವರಿಗೆ ಸ್ಟ್ರಾದ ಜಗಳ ಅರ್ಥವಾಗುವುದಿಲ್ಲ.